ಹುಡುಗನ ಬೌಲಿಂಗ್ ಆ್ಯಕ್ಷನ್ ಮುಟ್ಟಬೇಡಿ ಸಾರ್, ಆ್ಯಂಡರ್ಸನ್‌ಗೆ ಏನಾಯ್ತು ನೋಡಿ

ಸಾರ್, ಹದಿನೈದು ವರ್ಷದ ಮಗನ ವಿಡಿಯೋ ಹಾಕಿ, "ಔಟ್‌ಸ್ವಿಂಗ್ (ಬ್ಯಾಟ್ಸ್‌ಮನ್‌ನಿಂದ ಆಚೆ ತಿರುಗೋ ಬಾಲ್) ಚೆನ್ನಾಗಿದೆ, ಆದ್ರೆ ಬಾಲ್ ಬಿಡುವಾಗ ತಲೆ ವಾಲಿ ಕಣ್ಣು ನೆಲ ನೋಡುತ್ತೆ, ಬೆನ್ನು ಕೆಡೋ ಮೊದಲು ಈ ಬೇಸಿಗೆ ಕ್ಯಾಂಪಲ್ಲೇ ಆ್ಯಕ್ಷನ್ ಪೂರ್ತಿ ಬದಲಾಯಿಸ್ತೀವಿ" ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಇದೇ ಕೆಲಸ ಮಾಡಿ ಹದಿನೇಳನೇ ವಯಸ್ಸಲ್ಲಿ ಎರಡು ಸೀಸನ್ ಕಳ್ಕೊಂಡವನು ನಾನು.

ಇಂಗ್ಲೆಂಡಿನ ವೇಗಿ ಜೇಮ್ಸ್ ಆ್ಯಂಡರ್ಸನ್‌ದೂ ಹೀಗೇ ವಾಲೋ ತಲೆ. 2003ರಲ್ಲಿ ಲಾರ್ಡ್ಸ್‌ನಲ್ಲಿ ಜಿಂಬಾಬ್ವೆ ಮೇಲೆ ಮೊದಲ ಟೆಸ್ಟಲ್ಲೇ ಐದು ವಿಕೆಟ್ ತೆಗೆದ ಹುಡುಗ. ಬೆನ್ನು ಉಳಿಸೋಕೆ ಅಂತಲೇ ಇಂಗ್ಲೆಂಡ್ ಕೋಚ್‌ಗಳು ಆ್ಯಕ್ಷನ್ ತಿದ್ದಿದ್ರು. ಸ್ಪೀಡ್ ಹೋಯ್ತು, ಸ್ವಿಂಗ್ ಹೋಯ್ತು, ಟೂರ್ ಮೇಲೆ ಟೂರ್ ನೆಟ್ಸಲ್ಲೇ ಕಳೆದ. 2006ರ ಮಾರ್ಚಲ್ಲಿ ಮುಂಬೈ ಟೆಸ್ಟಿಗೆ ಅವಕಾಶ ಸಿಕ್ಕಿ ಚೆನ್ನಾಗೇ ಹಾಕಿದ. ಆದ್ರೆ ಅದೇ ವರ್ಷ ಬೆನ್ನಲ್ಲಿ ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಒತ್ತಡಕ್ಕೆ ಮೂಳೆಯಲ್ಲಿ ಬಿರುಕು! ಯಾವುದನ್ನ ತಪ್ಪಿಸೋಕೆ ತಿದ್ದಿದ್ರೋ ಅದೇ. ಆಮೇಲೆ ಹಳೇ ಆ್ಯಕ್ಷನ್‌ಗೇ ವಾಪಸ್ ಹೋದ. 2008ರಲ್ಲಿ ವೆಲಿಂಗ್ಟನ್‌ನಲ್ಲಿ ಹಿರಿಯ ವೇಗಿಗಳಾದ ಹೋಗಾರ್ಡ್, ಹಾರ್ಮಿಸನ್ ಇಬ್ಬರನ್ನೂ ಕೂರಿಸಿ ಇವನನ್ನೂ ಬ್ರಾಡ್‌ನನ್ನೂ ಆಡಿಸಿದ್ರು, ಐದು ವಿಕೆಟ್ ಬಂತು. ಮುಂದೆ 188 ಟೆಸ್ಟ್, 704 ವಿಕೆಟ್, ಅದೇ ವಾಲೋ ತಲೆ ಇಟ್ಕೊಂಡೇ.

ನನಗೆ ಕ್ಯಾಂಪಲ್ಲಿ "ತಲೆ ನೇರ ಇರಲಿ" ಅಂತ ಹಿಂಬದಿ ಕಾಲಿಂದ ಹಿಡಿದು ಎಲ್ಲಾ ಬದಲಾಯಿಸಿದ್ರು. ತಿಂಗಳೊಳಗೆ ಔಟ್‌ಸ್ವಿಂಗ್ ಸತ್ತುಹೋಯ್ತು, ಎಲ್ಲಾ ಲೆಗ್ ಸೈಡಿಗೆ. ಸರಿಹೋಗ್ಲಿ ಅಂತ ದಿನಾ ಸಂಜೆ ಇನ್ನೂ ಎಂಟು ಹತ್ತು ಓವರ್ ಜಾಸ್ತಿ ಹಾಕ್ದೆ. ಮಾಡಿದ ದೊಡ್ಡ ತಪ್ಪು ಅದು. ಮಳೆಗಾಲ ಶುರುವಾಗೋ ಹೊತ್ತಿಗೆ ಸೊಂಟದ ಒಂದೇ ಕಡೆ ನೋವು. ಸ್ಪ್ರೇ ಹೊಡ್ಕೊಂಡು ಆಡ್ದೆ. ಬಾಗಿ ಶೂ ಲೇಸ್ ಕಟ್ಟೋಕೂ ಆಗದೇ ಇದ್ದಾಗ ಸ್ಕ್ಯಾನ್ ಮಾಡಿಸಿದ್ದು.

ಹಾಗಂತ ಏನೂ ತಿದ್ದಲೇಬಾರದು ಅಂತಲ್ಲ. ಮೊಣಕೈ ಬಗ್ಗಿ ಥ್ರೋ ಆಗ್ತಿದ್ರೆ ತಿದ್ದಿಸಿ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಗೋ ಮಿಕ್ಸೆಡ್ ಆ್ಯಕ್ಷನ್ ಆದ್ರೆ ಖಂಡಿತ ತಿದ್ದಿಸಬೇಕು, ಬೆನ್ನು ಮುರಿಯೋದು ಅದು. ನಿಮ್ಮ ವಿಡಿಯೋ ಹಿಂದಿನಿಂದ ತೆಗೆದದ್ದು, ಅದರಲ್ಲಿ ಕಾಣೋದು ತಲೆ ಒಂದೇ. ತಲೆ ಮಾತ್ರ ವಾಲೋದಾದ್ರೆ ಬಿಟ್ಟುಬಿಡಿ.

ಬದಲಿಗೆ ಓವರ್ ಎಣಿಸಿ. ಒಂದು ನೋಟ್‌ಬುಕ್ ಇಡಿ, ನೆಟ್ಸ್ ಬಾಲ್‌ಗಳೂ ಸೇರಲಿ. ಅದನ್ನ ಯಾರೂ ಎಣಿಸಲ್ಲ, ಅಲ್ಲೇ ಬೆನ್ನು ಹೋಗೋದು. ಇಂಗ್ಲೆಂಡಲ್ಲಿ ಈ ವಯಸ್ಸಿನ ವೇಗಿಗಳಿಗೆ ಬಹುಕಾಲ ಇದ್ದ ಲೆಕ್ಕ ಒಂದು ಸ್ಪೆಲ್‌ಗೆ (ಬಿಡುವಿಲ್ಲದೆ ಒಂದೇ ಸಲ ಹಾಕೋದು) 6 ಓವರ್, ದಿನಕ್ಕೆ 12. ನಮ್ಮಲ್ಲಿ ಬೆಳಿಗ್ಗೆ ಸ್ಕೂಲ್ ಮ್ಯಾಚ್, ಮಧ್ಯಾಹ್ನ ಕ್ಲಬ್, ಸಂಜೆ ನೆಟ್ಸ್! ಪೋಷಕರೇ ಬೈಕಲ್ಲಿ ಕೂರಿಸ್ಕೊಂಡು ಓಡಾಡಿಸ್ತಾರೆ, ಇದು ನಿಲ್ಲಬೇಕು. ಆ್ಯಂಡರ್ಸನ್‌ನೂ 2015ರ ವಿಶ್ವಕಪ್ ಆದ್ಮೇಲೆ ಒನ್‌ಡೇ ಆಡಲಿಲ್ಲ, ಬೆನ್ನಿನ ಮೇಲಿನ ಹೊರೆ ಅಷ್ಟು ಕಡಿಮೆ. ಮೂವತ್ತೈದು ದಾಟಿದ ಮೇಲೆ 200ಕ್ಕೂ ಹೆಚ್ಚು ಟೆಸ್ಟ್ ವಿಕೆಟ್ ಬಂತು.

ಕಾಮೆಂಟಲ್ಲಿ ಯಾರೋ ವಾಬಲ್ ಸೀಮ್ (ಬಾಲಿನ ಹೊಲಿಗೆ, ಅಂದ್ರೆ ಸೀಮ್, ಅಲುಗಾಡ್ತಾ ಹೋಗೋ ಹಾಗೆ ಹಾಕೋದು) ಕಲಿಸಿ ಅಂದಿದ್ದಾರೆ. ಈಗಲೇ ಬೇಡ. ಆ್ಯಂಡರ್ಸನ್ 2010ರಲ್ಲಿ ಪಾಕಿಸ್ತಾನದ ವೇಗಿ ಮೊಹಮ್ಮದ್ ಆಸಿಫ್‌ನ ನೋಡಿ ಅದನ್ನ ಹಿಡಿದಿದ್ದು, ಅಷ್ಟೊತ್ತಿಗೆ ಟೆಸ್ಟಿಗೆ ಬಂದು ಏಳು ವರ್ಷ. ಮೊದಲು ಮಣಿಕಟ್ಟು ಬಾಲ್ ಹಿಂದೆ ನಿಲ್ಲಲಿ, ಸೀಮ್ ಫಸ್ಟ್ ಸ್ಲಿಪ್ ಕಡೆ ನೇರ ಹೋಗಲಿ. ಹಳೇ ಬಾಲಿಗೆ ಸೀಮ್ ಮೇಲೆ ಬಿಳಿ ಟೇಪ್ ಸುತ್ತಿ ಹಾಕಿಸಿ, ಅಲುಗಾಡಿದ್ರೆ ಅವನಿಗೇ ಕಾಣುತ್ತೆ.

ಬಾಲ್ ವಿಷಯದಲ್ಲಿ ಜಿಪುಣತನ ಬೇಡ. ಸೀಮ್ ಕೂತುಹೋದ ಅಗ್ಗದ ಬಾಲಲ್ಲಿ ಸ್ವಿಂಗ್ ಕಲಿಯೋಕಾಗಲ್ಲ. ನನಗೆ ಕೈಹೊಲಿಗೆಯ ಎಸ್‌ಜಿ ಕಂಪನಿ ಬಾಲೇ ಇಷ್ಟ, ಸೀಮ್ ಬೇಗ ಕೂರಲ್ಲ. ಇಂಗ್ಲೆಂಡಿನ ಡ್ಯೂಕ್ಸ್ ಬಾಲ್ ಅದಕ್ಕಿಂತ ಹೆಚ್ಚು ಹೊತ್ತು ಸ್ವಿಂಗ್ ಆಗುತ್ತೆ ನಿಜ, ಆದ್ರೆ ಮ್ಯಾಟ್ ಮೇಲೆ ಅದನ್ನ ಸವೆಸೋದು ದುಡ್ಡು ದಂಡ. ಮ್ಯಾಟ್ ಮೇಲೆ ಸ್ಪೈಕ್ಸೂ ಬೇಡ, ದಪ್ಪ ಹಿಮ್ಮಡಿ ಇರೋ ರಬ್ಬರ್ ಸೋಲ್ ಸಾಕು.

ಪಕ್ಕದಿಂದ ಒಂದು, ಮುಂದಿನಿಂದ ಒಂದು ಸ್ಲೋಮೋಷನ್ ತೆಗೆದು ಇಲ್ಲೇ ಹಾಕಿ ಸಾರ್, ಹಿಂಬದಿ ಕಾಲು ಇಡುವಾಗ ಸೊಂಟ, ಭುಜ ಎರಡೂ ಕಾಣೋ ಹಾಗೆ. ಅದನ್ನ ನೋಡೋವರೆಗೂ ಕ್ಯಾಂಪಿಗೆ ದುಡ್ಡು ಕಟ್ಟಬೇಡಿ.