ಹಸಿರು ಲೇಸರ್ ಬೆಳಕಿನಿಂದ ಹಾರುವ ವಿಮಾನಕ್ಕೆ ಅಪಾಯವಿದೆಯೇ?

ಸಂಡೂರು ತಾಲ್ಲೂಕಿನ ನಿಮ್ಮ ಊರಿನಲ್ಲಿ ಹನ್ನೆರಡು ವರ್ಷದ ಮಗ ಜಾತ್ರೆಯಲ್ಲಿ ಕೊಂಡ ಹಸಿರು ಲೇಸರನ್ನು ಕತ್ತಲಾದ ಮೇಲೆ ಮಾಳಿಗೆ ಹತ್ತಿ ವಿಮಾನಗಳತ್ತ ಬಿಡುತ್ತಾನೆ, ಅಷ್ಟು ದೂರದ ಪೈಲಟ್‌ನ ಕಣ್ಣು ಅದರಿಂದ ಕೆಡಬಹುದೇ ಎಂದು ಕೇಳಿದ್ದೀರಿ. ಬಳ್ಳಾರಿಯ ಕಾಲೇಜೊಂದರಲ್ಲಿ ಬಹಳ ವರ್ಷ ಭೌತಶಾಸ್ತ್ರ ಕಲಿಸಿದವನಾಗಿ ಉತ್ತರಿಸುತ್ತಿದ್ದೇನೆ. ಕಣ್ಣು ಕೆಡುವ ಸಂಭವ ತೀರಾ ಕಡಿಮೆ. ಆದರೆ ವಿಮಾನಕ್ಕೆ ಅಪಾಯ ಒದಗಲು ಪೈಲಟ್‌ನ ಕಣ್ಣು ಕೆಡಲೇಬೇಕೆಂದಿಲ್ಲ.

ಲೇಸರ್ ಕಿರಣ ಎಷ್ಟು ದೂರ ಹೋದರೂ ದಾರದಷ್ಟೇ ತೆಳ್ಳಗಿರುತ್ತದೆ ಎಂದು ಅನೇಕರು ನಂಬಿದ್ದಾರೆ. ಕಾಲೇಜಿನ ಮೈದಾನದಲ್ಲಿ 100 ಮೀಟರ್ ಆಚೆಯ ಗೋಡೆಗೆ ಬೆಳಕು ಬಿಟ್ಟು ವಿದ್ಯಾರ್ಥಿಗಳಿಂದಲೇ ಅಳೆಸುತ್ತಿದ್ದೆ; ಕೈಯಲ್ಲಿ ಅಕ್ಕಿಕಾಳಿನಷ್ಟಿದ್ದ ಚುಕ್ಕೆ ಅಲ್ಲಿ ಅಂಗೈಯಗಲವಾಗಿರುತ್ತಿತ್ತು. ಅದೇ ಲೆಕ್ಕದಲ್ಲಿ ಒಂದು ಕಿಲೋಮೀಟರ್ ದೂರಕ್ಕೆ ಅದು ಬಂಡಿಯ ಚಕ್ರದಷ್ಟಾಗುತ್ತದೆ. ಹೀಗೆ ಹರಡುವುದರಿಂದ ಸುಡುವ ಶಕ್ತಿ ಕುಗ್ಗುತ್ತದೆ ನಿಜ, ಆದರೆ ಗುರಿ ಹಿಡಿಯುವ ಕಷ್ಟವೂ ಅಷ್ಟೇ ಕುಗ್ಗುತ್ತದೆ. ಪೈಲಟ್ ಕೂರುವ ಕಾಕ್‌ಪಿಟ್‌ನ ಗಾಜಿನ ಮೇಲಿನ ಸಣ್ಣ ಗೀರುಗಳು ಆ ಬೆಳಕನ್ನು ಚೆದುರಿಸಿ ಇಡೀ ಗಾಜನ್ನೇ ಹಸಿರಾಗಿ ಬೆಳಗಿಸುವುದರಿಂದ, ಮುಂದಿರುವುದು ಕಾಣದಂತಾಗುತ್ತದೆ.

ಐದು ಮಿಲಿವ್ಯಾಟ್‌ನ ಸಾಧಾರಣ ಹಸಿರು ಲೇಸರ್ ಕಣ್ಣಿಗೆ ಗಾಯ ಮಾಡಬಲ್ಲದ್ದು ಸುಮಾರು 16 ಮೀಟರ್‌ವರೆಗೆ ಮಾತ್ರ. ದೃಷ್ಟಿಗೆ ಕ್ಷಣಕಾಲ ಕತ್ತಲೆ ಕವಿಸುವುದು 80 ಮೀಟರ್‌ವರೆಗೆ, ಕಣ್ಣು ಕೋರೈಸುವುದು 350 ಮೀಟರ್‌ವರೆಗೆ. ಆದರೆ ಪೈಲಟ್‌ನ ಗಮನ ಸೆಳೆದು ಕೆಡಿಸುವುದು ಮೂರೂವರೆ ಕಿಲೋಮೀಟರ್‌ವರೆಗೆ. ಒಂದು ವ್ಯಾಟ್‌ನದಾದರೆ, ಅಂದರೆ ಇನ್ನೂರು ಪಟ್ಟು ಶಕ್ತಿಯದಾದರೆ, ಈ ದೂರಗಳೆಲ್ಲ ಹದಿನಾಲ್ಕು ಪಟ್ಟಾಗುತ್ತವೆ, ಮತ್ತು ಜಾತ್ರೆಯ ಅಂಗಡಿಯ ಲೇಸರಿನ ಮೇಲೆ ಬರೆದಿರುವ ಸಂಖ್ಯೆಯನ್ನು ನಾನಂತೂ ನಂಬುವುದಿಲ್ಲ. ಹಸಿರಿಗೆ ನಮ್ಮ ಕಣ್ಣು ಹೆಚ್ಚು ಸ್ಪಂದಿಸುವುದರಿಂದ, ಅಷ್ಟೇ ಶಕ್ತಿಯ ಕೆಂಪು ಲೇಸರಿಗಿಂತ ಅದು ಸುಮಾರು ಎಂಟು ಪಟ್ಟು ಪ್ರಖರವಾಗಿ ಕಾಣುತ್ತದೆ.

ಹತ್ತು ಕಿಲೋಮೀಟರ್ ಎತ್ತರದಲ್ಲಿ ಸಾಗುವ ವಿಮಾನದ ಕಾಕ್‌ಪಿಟ್ಟಿಗೆ ನೆಲದ ಬೆಳಕು ತಾಗುವುದೇ ಅಪರೂಪ. ಇಳಿಯುವ ವಿಮಾನದ ಸಂಗತಿ ಬೇರೆ. ತೋರಣಗಲ್ಲಿನ ವಿದ್ಯಾನಗರದಂಥ ವಿಮಾನ ನಿಲ್ದಾಣದಲ್ಲಿ ಇಳಿಯಬಲ್ಲ ಎಟಿಆರ್ ಎಂಬ ಸಣ್ಣ ಪ್ರಯಾಣಿಕ ವಿಮಾನವನ್ನೇ ತೆಗೆದುಕೊಳ್ಳಿ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ರನ್‌ವೇಗೆ ಒಂಬತ್ತು ಕಿಲೋಮೀಟರ್ ಇರುವಾಗ ನೆಲದಿಂದ ಸುಮಾರು 470 ಮೀಟರ್ ಮೇಲಿರುತ್ತದೆ. ಅಲ್ಲಿಂದ ನೆಲ ಮುಟ್ಟಲು ಎರಡೂವರೆ ನಿಮಿಷ ಸಾಕು. ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಾಗುವಾಗ, ಈ ಎರಡೂವರೆ ನಿಮಿಷದಲ್ಲಿ ಕಳೆದುಕೊಂಡ ದೃಷ್ಟಿ ಇಳಿಯುವುದರೊಳಗೆ ಪೂರ್ತಿ ಮರಳುವುದಿಲ್ಲ. ಬೆಳಕು ಹೋದ ಮೇಲೂ ಕಣ್ಣಮುಂದೆ ಉಳಿಯುವ ಕಲೆ ರನ್‌ವೇ ದೀಪಗಳನ್ನೂ, ಕುಡತಿನಿಯ ವಿದ್ಯುತ್ ಸ್ಥಾವರದಂಥ ಕಡೆ ಎತ್ತರದ ಚಿಮಣಿಗಳ ಮೇಲೆ ಪೈಲಟ್‌ಗಳಿಗಾಗಿಯೇ ಉರಿಸುವ ಕೆಂಪು ದೀಪಗಳನ್ನೂ ಮುಚ್ಚಬಲ್ಲದು. ಆಗ ಪೈಲಟ್ ಬೆಳಕಿನತ್ತ ನೋಡದೆ, ಒಳಗಿನ ದೀಪಗಳನ್ನು ಪ್ರಖರಗೊಳಿಸಿ, ಉಪಕರಣಗಳ ಮೇಲೆ ಕಣ್ಣಿಟ್ಟು, ಅಗತ್ಯವಿದ್ದರೆ ಜೊತೆಯವರಿಗೆ ವಿಮಾನ ಒಪ್ಪಿಸಿ ನಿಯಂತ್ರಣ ಕೇಂದ್ರಕ್ಕೆ ತಿಳಿಸುತ್ತಾರೆ. ಹೆಲಿಕಾಪ್ಟರ್‌ಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅದು ನೆಲಕ್ಕೆ ಹತ್ತಿರದಲ್ಲಿ ನಿಧಾನವಾಗಿ ಹಾರುತ್ತದೆ.

ಇದು ಎಲ್ಲೋ ಒಮ್ಮೆ ನಡೆಯುವ ಸಂಗತಿಯಲ್ಲ. ಅಮೆರಿಕವೊಂದರಲ್ಲೇ 2023ರಲ್ಲಿ ಇಂಥ 13,304 ಘಟನೆಗಳು ವರದಿಯಾದವು. ಅಲ್ಲಿ ಇದಕ್ಕೆ ಐದು ವರ್ಷದವರೆಗೆ ಸೆರೆವಾಸವಿದೆ. ನಮ್ಮಲ್ಲಿಯೂ ದುಡುಕಿನಿಂದ ಇತರರ ಜೀವಕ್ಕೆ ಅಪಾಯ ತರುವ ಕೃತ್ಯ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಅಪರಾಧ.

ಹಿಂದೆ ನಾನೂ ಮಕ್ಕಳಿಗೆ ಸಪ್ತರ್ಷಿ ಮಂಡಲ ತೋರಿಸಲು ಹಸಿರು ಲೇಸರನ್ನೇ ಬಳಸುತ್ತಿದ್ದೆ. ಆಕಾಶದಲ್ಲಿ ಮಿನುಗುವ ದೀಪವೊಂದು ಕಂಡರೆ ಕೂಗಿ ಹೇಳಲು ಒಬ್ಬ ಹುಡುಗನನ್ನು ನಿಲ್ಲಿಸುತ್ತಿದ್ದರೂ, ಒಮ್ಮೆ ಅವನು ಕೂಗುವುದು ತಡವಾದಂದು ನನಗೆ ಬಹಳ ಭಯವಾಯಿತು; ಅಂದಿನಿಂದ ಬೆರಳಿನಿಂದಲೇ ತೋರಿಸುತ್ತೇನೆ. ನಿಮ್ಮ ಮಗ ಕೇಡು ಬಯಸಿ ಹೀಗೆ ಮಾಡುತ್ತಿಲ್ಲ, ಆದ್ದರಿಂದ ಗದರಿಸದೆ ಅವನನ್ನು ಗೋಡೆಯೆದುರು ನಿಲ್ಲಿಸಿ ಚುಕ್ಕೆ ಹೇಗೆ ಹಿಗ್ಗುತ್ತದೆಂದು ನೀವೇ ತೋರಿಸಿ, ನಂತರ ಬ್ಯಾಟರಿ ತೆಗೆದಿಡಿ. ಸಾಮಾನ್ಯವಾಗಿ ಅಗ್ಗದ ಹಸಿರು ಲೇಸರಿನಲ್ಲಿ ಆ ಬೆಳಕು ಹುಟ್ಟುವುದು ಕಣ್ಣಿಗೆ ಕಾಣದ ಅವಗೆಂಪು ಕಿರಣದಿಂದ, ಮತ್ತು ತಡೆಯುವ ಫಿಲ್ಟರ್ ಇಲ್ಲದಿದ್ದರೆ ಅದೂ ಹೊರಬರುತ್ತದೆ. ಕಣ್ಣು ಕೆಡುವ ಭಯ ನಿಜವಾಗಿ ಇರುವುದು ಮಾಳಿಗೆಯ ಮೇಲೆ ಅವನ ಪಕ್ಕದಲ್ಲಿ ನಿಂತ ಮಕ್ಕಳಿಗೆ.