ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಎಳೆಯಲು ಯಾವ ವಿಮಾನ ಒಳ್ಳೆಯದು? ವೇಗದ್ದೇ ಬೇಕಲ್ಲವೇ?

ವೇಗ ಮುಖ್ಯವಲ್ಲ, ಏರುವ ತಾಕತ್ತು ಮುಖ್ಯ. ಹಗ್ಗದ ತುದಿಯಲ್ಲಿ ಗ್ಲೈಡರ್ ಇಟ್ಟುಕೊಂಡು ಗಂಟೆಗೆ 110–130 ಕಿ.ಮೀ. ವೇಗದಲ್ಲೇ ಸಲೀಸಾಗಿ ಮೇಲೇರಬೇಕು. ಅಮೆರಿಕದ ಕ್ಲಬ್‌ಗಳಲ್ಲಿ ಪೈಪರ್ ಪಾನೀ ಹೆಚ್ಚು ಕಾಣುವುದು ಅದಕ್ಕೇ: ಹೊಲಕ್ಕೆ ಔಷಧಿ ಹೊಡೆಯಲೆಂದು ಮಾಡಿದ ವಿಮಾನ, 235 ಅಶ್ವಶಕ್ತಿಯ ಮಾದರಿಯಂತೂ ಗಟ್ಟಿಗ. ಹಗುರ ಗ್ಲೈಡರಿಗೆ 150 ಅಶ್ವಶಕ್ತಿಯ ಸೂಪರ್ ಕಬ್ ಎಂಬ ಪುಟ್ಟ ವಿಮಾನ ಸಾಕು. ಇಬ್ಬರು ಕೂತ ಗ್ಲೈಡರ್, ಸುಡುಬಿಸಿಲು, ಎತ್ತರದ ಊರು ಎಂದರೆ ಏದುಸಿರು ಬಿಡುತ್ತದೆ.

ದೊಡ್ಡ ಅಪಾಯ ಬರುವುದು ಹಿಂದಿನಿಂದ. ಗ್ಲೈಡರ್ ಸರ್ರನೆ ಮೇಲೆದ್ದರೆ ಮುಂದಿನ ವಿಮಾನದ ಬಾಲವನ್ನೇ ಎತ್ತಿ, ಮೂತಿಯನ್ನು ನೆಲಕ್ಕೆ ತಿರುಗಿಸುತ್ತದೆ. ನೆಲಕ್ಕೆ ಹತ್ತಿರದಲ್ಲಿ ಹಾರುತ್ತಿದ್ದರೆ ಸಾವರಿಸಿಕೊಳ್ಳಲು ಪುರಸೊತ್ತಿಲ್ಲ. ಹಾಗಾಗಿ ಹಗ್ಗ ಕಳಚುವ ಹಿಡಿ ವಿಮಾನದ ಪೈಲಟ್, ಗ್ಲೈಡರಿನ ಪೈಲಟ್ ಇಬ್ಬರಿಗೂ ತಟ್ಟನೆ ಕೈಗೆಟುಕಬೇಕು. ಗ್ಲೈಡರ್ ಬಿಟ್ಟ ಮೇಲೆ ಥ್ರಾಟಲ್ (ಎಂಜಿನ್ನಿನ ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿ) ನಿಧಾನವಾಗಿ ಇಳಿಸಿ. ಕಾದ ಸಿಲಿಂಡರ್ ಒಮ್ಮೆಲೇ ತಣಿದರೆ ಬಿರುಕು ಬಿಡಬಹುದು.