ವಕೀಲರ ಮೇಜಿನಿಂದ: ‘ದೂರು ಕೊಟ್ಟರೆ ನನ್ನ ಮೇಲೇ ಕೇಸ್ ಆಗುತ್ತಾ?’

ಈ ಸಲ ಬಂದ ಪತ್ರಗಳಲ್ಲಿ ಏಳು ಒಂದೇ ವಿಷಯದ್ದು. ಬರೆದವರೆಲ್ಲ ಗಂಡಸರು. ಒಬ್ಬರೂ ಹೆಸರು ಹಾಕಿಲ್ಲ. ಒಬ್ಬರಂತೂ ‘ಮೇಡಂ, ದಯವಿಟ್ಟು ಉತ್ತರವನ್ನು ಮನೆಗೆ ಕಳಿಸಬೇಡಿ’ ಎಂದು ಎರಡು ಸಲ ಬರೆದಿದ್ದಾರೆ. ವಿಳಾಸವನ್ನೇ ಕೊಟ್ಟಿಲ್ಲ, ಕಳಿಸುವುದಾದರೂ ಎಲ್ಲಿಗೆ? ಗೇ ಡೇಟಿಂಗ್ ಆ್ಯಪ್, ಅಲ್ಲಿ ಆದ ಪರಿಚಯ, ಹಣಕ್ಕೆ ಜೊತೆಗಾರಿಕೆ, ಆಮೇಲೆ ಬಂದ ಬೆದರಿಕೆ. ಎಲ್ಲವನ್ನೂ ಇಲ್ಲೇ ಒಟ್ಟಿಗೆ ಉತ್ತರಿಸುತ್ತೇನೆ. ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ, ಮದುವೆಯಾಗಿದೆ. ಆ್ಯಪ್‌ನಲ್ಲಿ ಪರಿಚಯವಾದ ಒಬ್ಬನ ರೂಮಿಗೆ ಹೋದೆ. ಹತ್ತು ನಿಮಿಷಕ್ಕೆ ಇನ್ನಿಬ್ಬರು ಒಳಗೆ ಬಂದರು. ಒಬ್ಬ ‘ನಾನು ಪೊಲೀಸ್’ ಅಂದ, ಇನ್ನೊಬ್ಬ ಬಟ್ಟೆ ಬಿಚ್ಚಿಸಿ ವಿಡಿಯೊ ಮಾಡಿದ. ಹೊಡೆದು, ನನ್ನ ಫೋನಿನಿಂದಲೇ 40 ಸಾವಿರ ಕಳಿಸಿಕೊಂಡರು. ಈಗ ದಿನಾ ಮೆಸೇಜ್. ಇನ್ನೂ ಒಂದು ಲಕ್ಷ ಕೊಡಬೇಕಂತೆ, ಇಲ್ಲದಿದ್ದರೆ ವಿಡಿಯೊ ಹೆಂಡತಿಗೆ ಹೋಗುತ್ತದಂತೆ. ದೂರು ಕೊಟ್ಟರೆ ನನ್ನ ಮೇಲೇ 377 ಬೀಳುತ್ತದೆ ಅಂತಾರೆ. ನಿಜವಾ?

ಸುಳ್ಳು. 377 ಅಂದರೆ ಗಂಡಸು ಗಂಡಸಿನ ಸಂಬಂಧವನ್ನೂ ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ ಕಲಂ. ಅವರು ಹೆದರಿಸುತ್ತಿರುವ ಆ ಕಲಂ ಈಗ ಪುಸ್ತಕದಲ್ಲೇ ಇಲ್ಲ.

ಇಬ್ಬರು ವಯಸ್ಕರು ಒಪ್ಪಿ, ಖಾಸಗಿಯಾಗಿ ಕೂಡುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ಹೇಳಿತು. ನವತೇಜ್ ಸಿಂಗ್ ಜೋಹರ್ ಪ್ರಕರಣ ಅದು. 2024ರ ಜುಲೈ 1ರಂದು ಹಳೆಯ ದಂಡ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಹೊಸದರಲ್ಲಿ 377ಕ್ಕೆ ಸಮನಾದ ಕಲಂ ಇಲ್ಲ. ನೀವು ಆ ರೂಮಿಗೆ ಹೋದದ್ದು ಅಪರಾಧವಲ್ಲ. ಅಲ್ಲಿ ಅಪರಾಧ ಮಾಡಿದವರು ಅವರು ಮೂವರು.

ಅವರ ಲೆಕ್ಕ ನೋಡೋಣ. ಎದುರಿಗೆ ನಿಂತು ಹೊಡೆದು, ಹೆದರಿಸಿ, ಅಲ್ಲೇ ಹಣ ಕಿತ್ತದ್ದು ಸುಲಿಗೆ, ಹೊಸ ಸಂಹಿತೆಯ ಕಲಂ 309. (ಐದು ಜನ ಇದ್ದಿದ್ದರೆ ಡಕಾಯಿತಿಯೇ ಆಗುತ್ತಿತ್ತು.) ಹೊರಗೆ ಬಿಡದೆ ಕೂಡಿಹಾಕಿದ್ದು 127. ಪೊಲೀಸ್ ಅಂತ ಸುಳ್ಳು ಹೇಳಿ ದರ್ಪ ತೋರಿಸಿದ್ದು 204. ಈಗ ಮೆಸೇಜ್ ಹಾಕಿ ‘ಕೊಡು, ಇಲ್ಲದಿದ್ದರೆ’ ಅನ್ನುತ್ತಿರುವುದು 308, ಇದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಜೊತೆಗೆ 351, ಅದು ಬೆದರಿಕೆಯದ್ದು. ಒಪ್ಪಿಗೆ ಇಲ್ಲದೆ ಮೈಯ ಗುಪ್ತ ಭಾಗದ ಚಿತ್ರ ತೆಗೆದದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, ಅದನ್ನು ಹರಿಬಿಟ್ಟರೆ 67 ಅಥವಾ 67ಎ. ಇಷ್ಟೆಲ್ಲ ತಲೆ ಮೇಲೆ ಇಟ್ಟುಕೊಂಡು ನಿಮಗೆ ಕಾನೂನು ಹೇಳುತ್ತಿದ್ದಾರೆ!

ಇನ್ನೊಂದು ರೂಪಾಯಿ ಕೊಡಬೇಡಿ. ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ನನ್ನದೇ ತಪ್ಪೊಂದು ಕಾರಣ. 2015ರಲ್ಲಿ ನನ್ನ ಕಚೇರಿಗೆ ಒಬ್ಬರು ಬಂದಿದ್ದರು. ನಿಮ್ಮದೇ ಕಥೆ, ಫೋನ್ ಮಾತ್ರ ಹಳೆಯದು. ಆಗ 377 ಇನ್ನೂ ಜೀವಂತವಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತ್ತು, 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹಲ್ಲು ಕಟ್ಟಿಸಿ ಕೊಟ್ಟಿತ್ತು. ನಾನು ಹೆದರಿದೆ. ‘ಸುಮ್ನೆ ಕೊಟ್ಟು ಕೈ ತೊಳೆದುಕೊಳ್ಳಿ’ ಅಂದೆ. ಅವರು ಕೊಟ್ಟರು. ಮುಂದಿನ ತಿಂಗಳೂ ಕೊಟ್ಟರು. ಆಮೇಲೆ ನನಗೆ ಹೇಳುವುದನ್ನು ನಿಲ್ಲಿಸಿದರು. ಮೂರು ವರ್ಷದ ನಂತರ, ತೀರ್ಪು ಬಂದ ದಿನ ಸಂಜೆ ಅವರದೊಂದು ಫೋನ್ ಬಂತು. ‘ಮೇಡಂ, ಇನ್ನು ಕೊಡಬೇಕಾಗಿಲ್ಲ ಅಲ್ವಾ?’ ಅಂದರು. ಅವರು ಅಷ್ಟು ದಿನವೂ ಕೊಡುತ್ತಲೇ ಇದ್ದರು ಎಂದು ನನಗೆ ಗೊತ್ತಾದದ್ದು ಆಗ.

ಈಗ ನಿಮ್ಮ ಕೆಲಸ. ಅವನನ್ನು ಬ್ಲಾಕ್ ಮಾಡುವ ಮೊದಲು ಎಲ್ಲವನ್ನೂ ಉಳಿಸಿಕೊಳ್ಳಿ. ಇಂಥ ಆ್ಯಪ್‌ಗಳಲ್ಲಿ ಒಬ್ಬರು ಇನ್ನೊಬ್ಬರನ್ನು ಬ್ಲಾಕ್ ಮಾಡಿದರೆ ಚಾಟ್ ಕಣ್ಮರೆಯಾಗಿಬಿಡಬಹುದು. ಅವನು ಅದನ್ನೇ ಮಾಡುತ್ತಾನೆ. ಪ್ರೊಫೈಲ್, ಫೋಟೊ, ಮಾತುಕತೆ, ಫೋನ್ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಸ್ಕ್ರೀನ್‌ಶಾಟ್ ಬರದಿದ್ದರೆ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯಿರಿ. ಹಣ ಹೋದ ಯುಪಿಐ ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೈ ಮೇಲೆ ಗಾಯ ಇದ್ದರೆ ವೈದ್ಯರಿಗೆ ತೋರಿಸಿ ಚೀಟಿ ಪಡೆಯಿರಿ. 1930ಕ್ಕೆ ಕರೆ ಮಾಡಿ. ಅದು ಆನ್‌ಲೈನ್ ಹಣ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಸಬಹುದು. ಇಲ್ಲಿ ಗಂಟೆ ಗಂಟೆಗೂ ಬೆಲೆ ಇದೆ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಘಟನೆ ಅವರ ಸರಹದ್ದಿನಲ್ಲಿ ಆಗದಿದ್ದರೂ ಝೀರೊ ಎಫ್‌ಐಆರ್ ಹಾಕಿ ಅಲ್ಲಿಗೆ ಕಳಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದು. ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ಠಾಣೆಯ ರೈಟರ್ ‘ಅಲ್ಲಿಗೆ ಯಾಕೆ ಹೋಗಿದ್ರಿ?’ ಅಂತ ಕೇಳಿಯೇ ಕೇಳುತ್ತಾರೆ. ತುಟಿಯಂಚಿನಲ್ಲಿ ನಕ್ಕರೂ ನಕ್ಕಾರು. ‘ಆ್ಯಪ್ ಮೂಲಕ ಪರಿಚಯವಾದವನನ್ನು ಭೇಟಿಯಾಗಲು ಹೋಗಿದ್ದೆ’ ಎಂದು ಬರೆಯಿರಿ. ಅಷ್ಟು ಸಾಕು, ಅದು ನಿಜವೂ ಹೌದು. ‘ಸಾಲ ಕೇಳಲು ಹೋಗಿದ್ದೆ’ ಎಂಬ ಕಥೆ ಮಾತ್ರ ಕಟ್ಟಬೇಡಿ. ಮುಂದೆ ಪಾಟೀಸವಾಲಿನಲ್ಲಿ ಅವರ ವಕೀಲ ಅದೊಂದು ಎಳೆ ಹಿಡಿದು ಇಡೀ ಕೇಸನ್ನು ಬಿಚ್ಚಿಹಾಕುತ್ತಾನೆ. ಎದುರು ಪಕ್ಷದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಎಫ್‌ಐಆರ್‌ಗಳನ್ನು ಪೊಲೀಸರು ವೆಬ್‌ಸೈಟಿಗೆ ಹಾಕಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿಯೂ ಇದೆ. ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಅದನ್ನು ತೀರ್ಮಾನಿಸಬೇಕು. ದೂರಿನ ಜೊತೆಗೇ ‘ವೆಬ್‌ಸೈಟಿಗೆ ಹಾಕಬೇಡಿ’ ಎಂಬ ಮನವಿಯನ್ನು ಬೇರೆ ಹಾಳೆಯಲ್ಲಿ ಕೊಡಿ. ನಂತರ ಕೇಳಿದರೆ ತಡವಾಗುತ್ತದೆ.

ಹೆಂಡತಿಗೆ ಗೊತ್ತಾಗದ ಹಾಗೆ ಕೇಸ್ ನಡೆಸಬಹುದಾ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಆ ಭರವಸೆ ನಾನು ಕೊಡಲಾರೆ. ಸಮನ್ಸ್ ಮನೆಗೇ ಬರುತ್ತದೆ. ವ್ಯಭಿಚಾರ ಈಗ ಅಪರಾಧವಲ್ಲ, 2018ರ ಸೆಪ್ಟೆಂಬರ್ 27ರಂದೇ ಅದು ಹೋಯಿತು. ವಿಚ್ಛೇದನಕ್ಕೆ ಮಾತ್ರ ಅದು ಇನ್ನೂ ಕಾರಣ. ಹಿಂದೂ ವಿವಾಹ ಕಾಯ್ದೆಯಲ್ಲಿ ಸಂಗಾತಿಯನ್ನು ಬಿಟ್ಟು ‘ಯಾವುದೇ ವ್ಯಕ್ತಿ’ಯ ಜೊತೆ ಎಂದಿದೆ, ಗಂಡು ಹೆಣ್ಣು ಎಂದು ಬಿಡಿಸಿ ಹೇಳಿಲ್ಲ. ವಕೀಲಳಾಗಿ ಇಷ್ಟು ಹೇಳಿದೆ. ಹೆಂಗಸಾಗಿ ಒಂದು ಮಾತು: ಅವನ ವಿಡಿಯೊದಿಂದ ಆಕೆಗೆ ಗೊತ್ತಾಗುವುದಕ್ಕಿಂತ ನಿಮ್ಮ ಬಾಯಿಂದ ಗೊತ್ತಾಗಲಿ. ಆಕೆಯ ಬದುಕೂ ಇದರಲ್ಲಿದೆ, ಅಲ್ವಾ?

ಪ್ರಶ್ನೆ: ನನಗೆ 26. ನನಗಿಂತ ದೊಡ್ಡವರೊಬ್ಬರು ಊಟಕ್ಕೆ, ಪ್ರವಾಸಕ್ಕೆ ಜೊತೆಗೆ ಬಂದರೆ ಹಣ ಕೊಡುತ್ತೇನೆ ಅಂದಿದ್ದಾರೆ. ಅವರು ಒಳ್ಳೆಯವರು. ದೈಹಿಕ ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು. ಇದು ಅಪರಾಧವಾ? ಇದಕ್ಕೆ ಒಪ್ಪಂದ ಬರೆಸಿಕೊಳ್ಳಬಹುದಾ?

ಬರೀ ಜೊತೆಗೆ ಕೂತು ಊಟ ಮಾಡುವುದಕ್ಕೆ, ಊರು ಸುತ್ತುವುದಕ್ಕೆ ಹಣ ಪಡೆದರೆ ಅದೊಂದು ಸೇವೆ, ಅಷ್ಟೇ. ಆದಾಯ ತೆರಿಗೆಯವರಿಗೆ ಅದೂ ಆದಾಯವೇ. ಸುಮ್ನೆ ನೆನಪಿಸಿದೆ.

ದೈಹಿಕ ಸಂಬಂಧ ಸೇರಿದರೆ 1956ರ ಅನೈತಿಕ ವ್ಯವಹಾರ (ತಡೆ) ಕಾಯ್ದೆ ಎದುರಾಗುತ್ತದೆ. ಠಾಣೆಗಳಲ್ಲಿ ಅದನ್ನು ಐಟಿಪಿ ಆ್ಯಕ್ಟ್ ಅಂತಾರೆ. ಮೊದಲು ಅದು ಹೆಂಗಸರ ಬಗ್ಗೆ ಮಾತ್ರ ಇತ್ತು. 1986ರ ತಿದ್ದುಪಡಿಯಲ್ಲಿ ‘ವ್ಯಕ್ತಿ’ ಎಂದು ಬದಲಾಯಿತು, ಹಾಗಾಗಿ ಗಂಡಸರೂ ಅದರೊಳಗೆ ಬಂದರು. ಇಬ್ಬರು ವಯಸ್ಕರು ಒಪ್ಪಿ, ಖಾಸಗಿಯಾಗಿ, ಹಣ ಕೊಟ್ಟು ತೆಗೆದುಕೊಂಡದ್ದನ್ನೇ ಆ ಕಾಯ್ದೆ ಅಪರಾಧ ಅನ್ನುವುದಿಲ್ಲ. ಅದರ ಸುತ್ತಮುತ್ತಲಿನದನ್ನು ಅನ್ನುತ್ತದೆ. ರಸ್ತೆಯಲ್ಲಿ, ಸಾರ್ವಜನಿಕ ಜಾಗದಲ್ಲಿ ನಿಂತು ಕರೆಯುವುದು ಅಪರಾಧ. ಗುಡಿ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಿಂದ 200 ಮೀಟರ್ ಒಳಗೆ ಮಾಡಿದರೆ ಅಪರಾಧ. ನಮ್ಮ ಊರುಗಳಲ್ಲಿ ಈ 200 ಮೀಟರ್ ಎಷ್ಟು ಜಾಗ ಬಿಡುತ್ತದೆ ಎಂದು ನೀವೇ ಲೆಕ್ಕ ಹಾಕಿ. ಪರಿಚಯ ಮಾಡಿಸಿ ಕಮಿಷನ್ ತಿನ್ನುವ ಗೆಳೆಯ ಅಪರಾಧಿ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಇದೇ ಕೆಲಸ ಮಾಡುವ ಇಬ್ಬರು ಬಾಡಿಗೆ ಹಂಚಿಕೊಂಡು ಒಂದೇ ಮನೆಯಲ್ಲಿ ಅದನ್ನು ನಡೆಸಿದರೆ, ಕಾನೂನಿನ ಕಣ್ಣಿಗೆ ಆ ಮನೆ ವೇಶ್ಯಾಗೃಹವಾಗಬಹುದು. ಒಬ್ಬಂಟಿಯಾಗಿರುವುದಕ್ಕಿಂತ ಇಬ್ಬರಿದ್ದರೆ ಕ್ಷೇಮ ಅಂತ ಹಾಗೆ ಮಾಡುತ್ತಾರೆ, ಪಾಪ. ಕಾಯ್ದೆ ಅದನ್ನೇ ಹಿಡಿಯುತ್ತದೆ. ನನ್ನ ಪ್ರಕಾರ ಇದು ಕಾಯ್ದೆಯ ದಡ್ಡತನ.

ಸ್ವಇಚ್ಛೆಯಿಂದ ಲೈಂಗಿಕ ವೃತ್ತಿ ಮಾಡುವ ವಯಸ್ಕರಿಗೆ ಪೊಲೀಸರು ತೊಂದರೆ ಕೊಡಬಾರದು, ದೂರು ಕೊಟ್ಟರೆ ಎಲ್ಲರಂತೆಯೇ ನಡೆಸಿಕೊಳ್ಳಬೇಕು ಎಂದು 2022ರ ಮೇ 19ರಂದು ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣ. ಹೆಸರು ಬರೆದಿಟ್ಟುಕೊಳ್ಳಿ.

ಒಪ್ಪಂದ ಬರೆಸಿ ಉಪಯೋಗವಿಲ್ಲ. ಅದರಲ್ಲಿ ದೈಹಿಕ ಸಂಬಂಧ ಬಂದರೆ 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಅದು ಅನೂರ್ಜಿತ, ಅಂದರೆ ಹಣ ಕೊಡದಿದ್ದರೆ ದಾವೆ ಹಾಕಿ ವಸೂಲು ಮಾಡಲಾಗದು. ಆದರೆ ಹಣ ಪಡೆದ ಮಾತ್ರಕ್ಕೆ ಎಲ್ಲಕ್ಕೂ ಒಪ್ಪಿದ ಹಾಗಲ್ಲ. ಯಾವ ಘಳಿಗೆಯಲ್ಲಾದರೂ ಬೇಡ ಅನ್ನಬಹುದು. ಪ್ರವಾಸ ಹೋಗುವುದಾದರೆ ವಾಪಸ್ ಬರುವ ಟಿಕೆಟ್ ನಿಮ್ಮ ಹೆಸರಲ್ಲಿ, ನಿಮ್ಮ ಕೈಯಲ್ಲಿ ಇರಲಿ. ಗುರುತಿನ ಚೀಟಿಯನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಎಲ್ಲಿದ್ದೀರಿ ಎಂದು ಒಬ್ಬ ಗೆಳೆಯನಿಗಾದರೂ ಗೊತ್ತಿರಲಿ. ‘ಒಳ್ಳೆಯವರು’ ಎಂದು ನೀವು ಬರೆದದ್ದನ್ನು ನಂಬುತ್ತೇನೆ, ಆದರೂ.

ಈ ‘ಆದರೂ’ಗೆ ಕಾರಣ ಇದೆ. ಹೊಸ ಸಂಹಿತೆಯಲ್ಲಿ ಅತ್ಯಾಚಾರದ ಕಲಂ 63ರಲ್ಲಿ ಸಂತ್ರಸ್ತೆ ಹೆಣ್ಣೇ ಆಗಿರಬೇಕು. ಗಂಡಸಿನ ಮೇಲೆ ಬಲಾತ್ಕಾರವಾದರೆ ಮೊದಲು 377ರ ಅಡಿ ದೂರು ಕೊಡಬಹುದಿತ್ತು. ಒಪ್ಪಿಗೆ ಇಲ್ಲದ ಸಂಬಂಧಕ್ಕೆ 2018ರ ತೀರ್ಪು ಅದನ್ನು ಉಳಿಸಿತ್ತು. ಈಗ ಅದೂ ಇಲ್ಲ. ಹಲ್ಲೆ, ಕೂಡಿಹಾಕುವುದು, ಬೆದರಿಕೆ ಎಂಬ ಕಲಂಗಳಲ್ಲೇ ತೇಪೆ ಹಾಕಬೇಕು. ಹೆದರಿಸುವ 377 ಹೋದದ್ದಕ್ಕೆ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಕಾಯುವ ಭಾಗವನ್ನೂ ಜೊತೆಗೇ ಎಸೆದದ್ದು ಸರಿಯಲ್ಲ. ಅಂಥದ್ದೇನಾದರೂ ಆದರೆ ಠಾಣೆಗಿಂತ ಮೊದಲು ಆಸ್ಪತ್ರೆ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಎಲ್ಲಿ ಸಿಗುತ್ತದೆ ಎಂದು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ.

ಪ್ರಶ್ನೆ: ‘ಗಂಡಸರಿಗೆ ಜೊತೆಗಾರರು ಬೇಕು, ದಿನಕ್ಕೆ ಸಾವಿರಾರು ಸಂಪಾದನೆ’ ಎಂಬ ಜಾಹೀರಾತು ನೋಡಿ ನೋಂದಣಿಗೆ 2,500 ಕಟ್ಟಿದೆ. ಆಮೇಲೆ ಗುರುತಿನ ಕಾರ್ಡಿಗೆ, ಹೋಟೆಲ್ ಪಾಸಿಗೆ, ಠೇವಣಿಗೆ ಅಂತ 38 ಸಾವಿರ ಹೋಯಿತು. ಗಿರಾಕಿ ಒಬ್ಬರೂ ಬರಲಿಲ್ಲ. ಕೇಳಿದ ಕೆಲಸವೇ ಇಂಥದ್ದು, ದೂರು ಕೊಡಲು ಮುಖ ಇಲ್ಲ.

ಗಿರಾಕಿ ಇದ್ದರಲ್ಲ, ನೀವೇ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ನಿಮಗೆ ನಾಚಿಕೆ ಆಗಲಿ ಎಂದೇ ಅವರು ಈ ಕೆಲಸ ಆರಿಸಿಕೊಂಡಿರುವುದು. ಟೈಪಿಂಗ್ ಕೆಲಸ ಅಂದಿದ್ದರೆ ಎರಡನೇ ಕಂತಿಗೇ ನೀವು ಠಾಣೆಗೆ ಹೋಗಿರುತ್ತಿದ್ದಿರಿ. ಇದು ನೇರವಾಗಿ ವಂಚನೆ, ಕಲಂ 318. ಮೊಬೈಲ್‌ನಲ್ಲಿ ಬೇರೆಯವರ ವೇಷ ಹಾಕಿ ಮೋಸ ಮಾಡಿದ್ದಕ್ಕೆ ಐಟಿ ಕಾಯ್ದೆಯ 66ಡಿ. ಕರಾರು ಅನೂರ್ಜಿತ ಎಂಬ ಮಾತು ಮೋಸಗಾರನಿಗೆ ರಕ್ಷಣೆಯಾಗುವುದಿಲ್ಲ. 1930ಕ್ಕೆ ಇವತ್ತೇ ಕರೆ ಮಾಡಿ. ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಇಷ್ಟು ಫೀಸ್ ಕಟ್ಟಿ’ ಎಂದು ಇನ್ನು ಮೇಲೆ ಯಾರಾದರೂ ಫೋನ್ ಮಾಡಿದರೆ ಅವರೂ ಅದೇ ಗುಂಪಿನವರು ಅಂದುಕೊಳ್ಳಿ.

ಪ್ರಶ್ನೆ: ಇಬ್ಬರು ಗಂಡಸರು ಹೋಟೆಲಿನಲ್ಲಿ ಒಂದೇ ರೂಮ್ ತೆಗೆದುಕೊಂಡರೆ ಪೊಲೀಸರು ಹಿಡಿಯಬಹುದಾ?

ಇಬ್ಬರೂ ವಯಸ್ಕರಾಗಿ, ಇಬ್ಬರೂ ಸರಿಯಾದ ಗುರುತಿನ ಚೀಟಿ ಕೊಟ್ಟಿದ್ದರೆ ಅದನ್ನು ತಡೆಯುವ ಕಾನೂನಿಲ್ಲ.

ಪ್ರಶ್ನೆ: ಆ್ಯಪ್‌ನಲ್ಲಿ 19 ಅಂತ ಹಾಕಿದ್ದಾನೆ, ಮಾತಾಡಿದರೆ ಇನ್ನೂ ಪಿಯುಸಿ ಅಂತಾನೆ. ಅವನೇ ಭೇಟಿಗೆ ಕರೆಯುತ್ತಿದ್ದಾನೆ. ಹೋಗಬಹುದಾ?

ಬೇಡ. 18 ತುಂಬದವರ ಒಪ್ಪಿಗೆಗೆ ಪೋಕ್ಸೊ ಕಾಯ್ದೆಯಲ್ಲಿ ಬೆಲೆ ಇಲ್ಲ. ಹುಡುಗ ಹುಡುಗಿ ಎಂಬ ಭೇದವೂ ಇಲ್ಲ. ‘ಪ್ರೊಫೈಲ್‌ನಲ್ಲಿ 19 ಅಂತಿತ್ತು’ ಎಂದು ಆಮೇಲೆ ಹೇಳುವ ಅವಕಾಶವನ್ನೂ ನೀವು ಕಳೆದುಕೊಂಡಿದ್ದೀರಿ, ಅನುಮಾನ ಬಂದಿದೆ ಎಂದು ನನಗೇ ಬರೆದಿದ್ದೀರಲ್ಲ. ಮಾತು ನಿಲ್ಲಿಸಿ, ಆ ಪ್ರೊಫೈಲನ್ನು ಆ್ಯಪ್‌ನವರಿಗೆ ವರದಿ ಮಾಡಿ.

ಪ್ರಶ್ನೆ: ವಕೀಲರಿಗೆ ಕೊಡಲು ಹಣ ಇಲ್ಲ. ಏನು ಮಾಡಲಿ?

15100ಕ್ಕೆ ಕರೆ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯ ಇರುವವರಿಗೆ ಉಚಿತ ವಕೀಲರನ್ನು ಕೊಡುತ್ತಾರೆ. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳಿ. ನೀವು ಹೇಳಿದ್ದನ್ನು ಹೊರಗೆ ಬಾಯಿಬಿಡಬಾರದು ಎಂಬುದು ನಮಗಿರುವ ಕಟ್ಟುಪಾಡು.

ಪ್ರಶ್ನೆ: ಇದೆಲ್ಲ ಸಾಕಾಯಿತು. ಫೋನಿನಿಂದ ಆ್ಯಪ್ ತೆಗೆದುಹಾಕಿದ್ದೇನೆ. ಈಗ ಚಿಂತೆ ಇಲ್ಲ ಅಲ್ವಾ?

ಆ್ಯಪ್ ತೆಗೆದರೆ ಖಾತೆ ಹೋಗುವುದಿಲ್ಲ. ನಿಮ್ಮ ಫೋಟೊ, ಪ್ರೊಫೈಲ್ ಅಲ್ಲೇ ಇರಬಹುದು. ಮತ್ತೆ ಹಾಕಿಕೊಂಡು ಒಳಗೆ ಹೋಗಿ, ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನೇ ಅಳಿಸಿ, ಆಮೇಲೆ ಆ್ಯಪ್ ತೆಗೆಯಿರಿ. ಚಂದಾ ಕಟ್ಟುತ್ತಿದ್ದರೆ ಅದನ್ನು ಬೇರೆಯಾಗಿ ರದ್ದು ಮಾಡಬೇಕು. ಯಾರಾದರೂ ಬೆದರಿಕೆ ಹಾಕಿದ್ದರೆ ಮಾತ್ರ ಖಾತೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.